ಸೊಲ್ಲು ಹಿಡಿಯುವ ಮಕ್ಕಳು: ಕೊಂಡಜ್ಜಿ ಪರಿಸರದ ಹಾಡಿನ ಪರಂಪರೆ ಮತ್ತು ಎಳೆಯರ ಸಂಗೀತ ಪ್ರವೇಶ

ಹರಿಹರ ತಾಲ್ಲೂಕಿನ ಕೊಂಡಜ್ಜಿ, ದಾವಣಗೆರೆ ಮತ್ತು ಹರಿಹರ ಎರಡೂ ನಗರಗಳಿಗೆ ಸಮೀಪವಿರುವ ಗ್ರಾಮ. ಕೆರೆ, ಗುಡ್ಡ ಹಾಗೂ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಶಿಬಿರ ಕೇಂದ್ರದಿಂದಾಗಿ ಈ ಊರಿನ ಹೆಸರು ನಾಡಿನ ಶಾಲಾ ಮಕ್ಕಳಿಗೆ ಪರಿಚಿತವಾಗಿದೆ. 1977ರಲ್ಲಿ ದಾವಣಗೆರೆ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದ, ಸ್ಕೌಟ್ಸ್ ಚಳವಳಿಯ ಮುಂದಾಳು ಕೊಂಡಜ್ಜಿ ಬಸಪ್ಪನವರ ಊರು ಇದು. ಮಕ್ಕಳು ಗುಂಪುಗೂಡಿ ಹಾಡುವ ದೃಶ್ಯ ಇಲ್ಲಿಗೆ ಹೊಸದಲ್ಲ. ಆದರೆ ಅವರು ಹಾಡುವ ಹಾಡಿಗೂ ಸುತ್ತಣ ಊರುಗಳಲ್ಲಿ ತಲೆಮಾರುಗಳಿಂದ ಬಾಳಿಬಂದ ಹಾಡಿಗೂ ಇರುವ ಸಂಬಂಧವನ್ನು ಕುರಿತ ವಿಚಾರ ಹೆಚ್ಚಾಗಿ ನಡೆದಿಲ್ಲ.

ಎಳೆಯ ಮಕ್ಕಳಿಗೆ ನಾಡಿನ ಹಳೆಯ ಸಂಗೀತವನ್ನು ಪರಿಚಯಿಸಬೇಕೆಂಬ ಮಾತನ್ನು ಇಂದು ಶಿಕ್ಷಣ ತಜ್ಞರು, ಕಲಾವಿದರು, ಪೋಷಕರು ಎಲ್ಲರೂ ಆಡುತ್ತಾರೆ. ಈ ಉದ್ದೇಶಕ್ಕಾಗಿ ನಡೆಯುವ ಬಹುಪಾಲು ಕಾರ್ಯಕ್ರಮಗಳು ಒಂದೇ ಮಾದರಿಯವು: ಕಲಾವಿದರು ವೇದಿಕೆಯ ಮೇಲೆ, ಮಕ್ಕಳು ಕೆಳಗೆ ಸಾಲಾಗಿ, ನಡುವೆ ಧ್ವನಿವರ್ಧಕ. ಮಕ್ಕಳು ಸದ್ದು ಮಾಡದೆ ಕುಳಿತರೆ ಕಾರ್ಯಕ್ರಮ ಯಶಸ್ವಿಯೆಂದು ಭಾವಿಸಲಾಗುತ್ತದೆ. ಕೊಂಡಜ್ಜಿ ಪರಿಸರದ ಹಾಡಿನ ಪರಂಪರೆಯನ್ನು ಅವಲೋಕಿಸಿದರೆ ಇದಕ್ಕೆ ತೀರ ವಿರುದ್ಧವಾದ ಒಂದು ಕ್ರಮ ಕಂಡುಬರುತ್ತದೆ. ಅಲ್ಲಿ ಮಗು ಹಾಡಿನ ಶ್ರೋತೃವಾಗಿ ಅಲ್ಲ, ಹಾಡಿನೊಳಗೆ ಒಂದು ಸ್ಥಾನವುಳ್ಳ ಸದಸ್ಯನಾಗಿ ಸಂಗೀತವನ್ನು ಪ್ರವೇಶಿಸುತ್ತದೆ. ಆ ಸ್ಥಾನದ ಹೆಸರು ‘ಸೊಲ್ಲು’. ಈ ಸ್ಥಾನದ ಸ್ವರೂಪವನ್ನು ವಿವರಿಸಿ, ಅದು ಇಂದಿನ ಸಮುದಾಯ ಸಂಗೀತ ಕೂಟಗಳಿಗೆ ಹೇಗೆ ಆಧಾರವಾಗಬಲ್ಲದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ‘ಹಳೆಯ ಸಂಗೀತ’ ಎಂಬ ಪರಿಕಲ್ಪನೆ

ಪಶ್ಚಿಮದಲ್ಲಿ ‘ಹಳೆಯ ಸಂಗೀತ’ ಎಂಬುದಕ್ಕೆ ಒಂದು ಖಚಿತ ಅರ್ಥವಿದೆ. ಸ್ಥೂಲವಾಗಿ 1750ಕ್ಕೆ ಹಿಂದಿನ ಯುರೋಪಿನ ಸಂಗೀತವನ್ನು ಆ ಹೆಸರಿನಿಂದ ಕರೆಯುತ್ತಾರೆ. ಕಾಲಾಂತರದಲ್ಲಿ ಬಳಕೆ ತಪ್ಪಿದ್ದ ಆ ಸಂಗೀತವನ್ನು ಆರ್ನಾಲ್ಡ್ ಡಾಲ್ಮೆಚ್ (1858–1940) ಮೊದಲಾದವರು ಹಳೆಯ ಹಸ್ತಪ್ರತಿಗಳ ಸ್ವರಲಿಪಿಯನ್ನು ಓದಿ, ಹಳೆಯ ವಾದ್ಯಗಳನ್ನು ಮತ್ತೆ ತಯಾರಿಸಿ ಪುನರುಜ್ಜೀವನಗೊಳಿಸಿದರು. ಅಲ್ಲಿ ಮಕ್ಕಳಿಗಾಗಿ ನಡೆಯುವ ಕೂಟಗಳಲ್ಲಿ ಆ ವಾದ್ಯಗಳನ್ನು ಮುಟ್ಟಿ ನೋಡುವ, ಕುಣಿತದ ಹೆಜ್ಜೆ ಹಾಕುವ, ಒಂದು ಸಾಲನ್ನು ಜೊತೆಗೂಡಿ ಹಾಡುವ ಅವಕಾಶ ಕಲ್ಪಿಸುವ ಪದ್ಧತಿಯೂ ಬೆಳೆದಿದೆ. ಅಲ್ಲಿ ಹಳತನದ ಆಧಾರ ಬರಹ. ಪರಂಪರೆ ಕಡಿದುಹೋದ ಮೇಲೆ ಬರಹದ ಮೂಲಕ ನಡೆದ ಮರುಜೋಡಣೆ.

ಕನ್ನಡದ ಸಂದರ್ಭ ಬೇರೆ. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಸಂಗೀತದ ಪ್ರಸ್ತಾಪ ಹೇರಳವಾಗಿದೆ. ದೇಹವನ್ನೇ ವೀಣೆಯಾಗಿ ರೂಪಿಸಿ, ಬತ್ತೀಸ ರಾಗಗಳ ಮಾತನ್ನೆತ್ತುವ ಬಸವಣ್ಣನವರ ವಚನ ಪ್ರಸಿದ್ಧವಾದುದು. ಆದರೆ ವಚನಗಳ ಅಂದಿನ ಮಟ್ಟುಗಳು ಸ್ವರಲಿಪಿಯಲ್ಲಿ ಉಳಿದುಬಂದಿಲ್ಲ. ಇಂದು ಕೇಳಿಬರುವ ವಚನ ಗಾಯನ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಗಾಯಕರು, ಅದರಲ್ಲೂ ಹಿಂದೂಸ್ತಾನಿ ಪದ್ಧತಿಯ ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ರೂಪಿಸಿದ್ದು. ದಾಸರ ಪದಗಳ ಸ್ಥಿತಿಯೂ ಇದಕ್ಕಿಂತ ತೀರ ಭಿನ್ನವಲ್ಲ. ಸಾಹಿತ್ಯ ಹಳೆಯದು, ಈಗ ಹಾಡುವ ಮಟ್ಟುಗಳಲ್ಲಿ ಅನೇಕವು ಈಚಿನವು.

ಹೀಗಿರುವಾಗ ಕನ್ನಡದ ಹಳೆಯ ಸಂಗೀತವನ್ನು ಮಟ್ಟುಗಳಲ್ಲಿ ಹುಡುಕುವುದಕ್ಕಿಂತ ಹಾಡುವ ಕ್ರಮದಲ್ಲಿ ಹುಡುಕುವುದು ಹೆಚ್ಚು ಫಲಪ್ರದ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ (ಕ್ರಿ.ಶ. ಸು. 700) ದೊರೆಯುವ ತ್ರಿಪದಿ, ಹಾಡುಗಬ್ಬದ ಛಂದಸ್ಸೊಂದು ಆ ವೇಳೆಗಾಗಲೇ ನೆಲೆಗೊಂಡಿದ್ದುದಕ್ಕೆ ಸಾಕ್ಷಿ. ಸುಮಾರು 990ರ ಹೊತ್ತಿಗೆ ರಚಿತವಾದ ಒಂದನೆಯ ನಾಗವರ್ಮನ ‘ಛಂದೋಂಬುಧಿ’ ತ್ರಿಪದಿ, ಷಟ್ಪದಿ, ಚೌಪದಿ, ಗೀತಿಕೆ ಮೊದಲಾದ ದೇಸೀ ಬಂಧಗಳನ್ನು ‘ಕರ್ಣಾಟಕ ವಿಷಯಜಾತಿ’ ಎಂಬ ಹೆಸರಿನಲ್ಲಿ ವಿವರಿಸುತ್ತದೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (ಕ್ರಿ.ಶ. 1130ರ ಸುಮಾರು) ಇನ್ನೂ ಮುಂದೆ ಹೋಗಿ, ಕುಟ್ಟುವಾಗ ತ್ರಿಪದಿ, ಕಥೆ ಹೇಳುವಾಗ ಷಟ್ಪದಿ, ಮದುವೆಯಲ್ಲಿ ಧವಳ ಎಂಬಂತೆ ಹಾಡಿನ ಬಂಧವನ್ನು ಅದರ ಸಂದರ್ಭದೊಡನೆ ಜೋಡಿಸಿ ಹೇಳುತ್ತದೆ. ಹಾಡು ಎಂಬುದು ಕೇಳಿಸಲೆಂದು ಪ್ರತ್ಯೇಕವಾಗಿ ಇಟ್ಟ ವಸ್ತುವಲ್ಲ, ಕೂಡಿ ಮಾಡುವ ಕೆಲಸದ ಒಂದು ಅಂಗ ಎಂಬ ತಿಳಿವಳಿಕೆ ಒಂಬೈನೂರು ವರ್ಷಗಳ ಹಿಂದಿನ ಈ ಗ್ರಂಥದಲ್ಲಿಯೇ ಸ್ಪಷ್ಟವಾಗಿದೆ.

2. ಸೊಲ್ಲಿನ ಸ್ವರೂಪ

ಗುಂಪಿನಲ್ಲಿ ಹಾಡುವಾಗ ಒಬ್ಬರು ಅಥವಾ ಇಬ್ಬರು ಹಾಡನ್ನು ಎತ್ತುತ್ತಾರೆ. ಉಳಿದವರು ಹಿಂದಿನಿಂದ ದನಿಗೂಡಿಸುತ್ತಾರೆ. ಹಿಂದಿನವರು ಮತ್ತೆ ಮತ್ತೆ ಹೇಳುವ ಪದ, ಪದಗುಚ್ಛ ಅಥವಾ ಸಾಲೇ ಸೊಲ್ಲು. ಸೋಬಾನೆ, ಸುವ್ವಿ, ಕೋಲು ಮುಂತಾದ ಹೆಸರುಗಳು ಹಾಡಿನ ಪ್ರಕಾರವನ್ನು ಸೂಚಿಸುವುದರ ಜೊತೆಗೆ ಆ ಹಾಡಿನ ಸೊಲ್ಲಿನಲ್ಲಿ ಬರುವ ಪದಗಳೂ ಆಗಿವೆ. ಒಂದು ಹಾಡಿನ ಗುರುತು ಮೊದಲು ಉಳಿಯುವುದು ಸೊಲ್ಲಿನಲ್ಲಿಯೇ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ತ್ರಿಪದಿಯ ಗಾಯನ ಕ್ರಮ ಇಲ್ಲಿ ವಿಶೇಷವಾಗಿ ಗಮನಾರ್ಹ. ಬರಹದಲ್ಲಿ ಮೂರು ಸಾಲಾಗಿ ಕಾಣುವ ತ್ರಿಪದಿ ಹಾಡುವಾಗ ಎರಡನೆಯ ಸಾಲಿನ ಪುನರಾವೃತ್ತಿಯಿಂದ ನಾಲ್ಕು ಘಟಕಗಳಾಗಿ ವಿಸ್ತಾರಗೊಳ್ಳುತ್ತದೆ. ಈ ಪುನರಾವೃತ್ತಿಯನ್ನು ಕೇವಲ ಲಯದ ಅಗತ್ಯವೆಂದು ಕಾಣುವುದು ಸಾಲದು. ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳಲು ಹಾಡುವವಳಿಗೆ ಅದು ಬಿಡುವು ನೀಡುತ್ತದೆ. ಹಾಡು ಬಾರದವರಿಗೆ ಆಗಷ್ಟೇ ಕೇಳಿದ ಸಾಲನ್ನು ಹೇಳುವ ಅವಕಾಶ ಕೊಡುತ್ತದೆ. ಹಾಡಿನ ರಚನೆಯೇ ಕಲಿಯುವವರಿಗೆ ಒಂದು ಜಾಗವನ್ನು ಬಿಟ್ಟಿದೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಮೇಲೆ ತ್ರಿಪದಿಯ ಕಾವ್ಯಗುಣದ ಕುರಿತು ಸಾಕಷ್ಟು ವಿವೇಚನೆ ನಡೆದಿದೆ. ಅದರ ಬೋಧನ ಗುಣದ ಕಡೆಗೆ ವಿದ್ವಾಂಸರ ಗಮನ ಹರಿದದ್ದು ಕಡಿಮೆ.

ಎಳೆಯ ಮಗುವಿನ ಶ್ರವಣಶಕ್ತಿಗೆ ಸಂಬಂಧಿಸಿದ ಆಧುನಿಕ ಸಂಶೋಧನೆಗಳು ಈ ರಚನೆಯ ಔಚಿತ್ಯವನ್ನು ಬೇರೊಂದು ದಿಕ್ಕಿನಿಂದ ಸಮರ್ಥಿಸುತ್ತವೆ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿಯೇ ಶಿಶು ಧ್ವನಿಗೆ ಸ್ಪಂದಿಸುತ್ತದೆ. ಒಂದು ಮಟ್ಟನ್ನು ಬೇರೆ ಶ್ರುತಿಯಲ್ಲಿ ಹಾಡಿದರೂ ವರ್ಷ ತುಂಬದ ಮಕ್ಕಳು ಅದರ ಏರಿಳಿತವನ್ನು ಗುರುತಿಸಬಲ್ಲರೆಂಬುದನ್ನು ಕೆನಡಾದ ಮನೋವಿಜ್ಞಾನಿ ಸಾಂಡ್ರಾ ಟ್ರೆಹಬ್ ಮೊದಲಾದವರ ಪ್ರಯೋಗಗಳು ತೋರಿಸಿವೆ. ಮಗು ಮೊದಲು ಹಿಡಿಯುವುದು ಸ್ವರಸ್ಥಾನವನ್ನಲ್ಲ, ಮಟ್ಟಿನ ಆಕಾರವನ್ನು. ಚಿಕ್ಕದಾದ, ನಾಲ್ಕೈದು ಸ್ವರಗಳೊಳಗೆ ಸುತ್ತುವ, ಹಲವು ಸಲ ಮರಳಿ ಬರುವ ಸೊಲ್ಲು ಈ ಗ್ರಹಣಕ್ಕೆ ತಕ್ಕುದಾಗಿದೆ. ಹಂಗೇರಿಯ ಜೋಲ್ತಾನ್ ಕೊದಾಯ್ (1882–1967) ಮಗುವಿನ ಸಂಗೀತ ಶಿಕ್ಷಣ ಅದರ ತಾಯ್ನುಡಿಯ ಜನಪದ ಹಾಡಿನಿಂದ ಆರಂಭವಾಗಬೇಕೆಂದು ವಾದಿಸಿದ್ದು, ತನ್ನ ನಾಡಿನ ಹಳ್ಳಿಗಳಲ್ಲಿ ಹಾಡುಗಳನ್ನು ಸಂಗ್ರಹಿಸಿದ ಅನುಭವದಿಂದ. ಕರ್ನಾಟಕ ಸಂಗೀತದಲ್ಲಿ ಪುರಂದರದಾಸರ ಹೆಸರಿನೊಡನೆ ಪರಂಪರೆ ಜೋಡಿಸುವ ಸರಳೆ, ಜಂಟಿ ವರಸೆಗಳ ಪಾಠವೂ ಗುರು ಹೇಳಿದ್ದನ್ನು ಶಿಷ್ಯ ಮರಳಿ ಹೇಳುವ ಕ್ರಮದಲ್ಲಿಯೇ ನಡೆಯುತ್ತದೆ. ಶಾಸ್ತ್ರೀಯವಾಗಲಿ ಜನಪದವಾಗಲಿ, ಕನ್ನಡ ನಾಡಿನಲ್ಲಿ ಸಂಗೀತದ ಮೊದಲ ಪಾಠ ಉತ್ತರ ಕೊಡುವ ಪಾಠವೇ ಆಗಿದೆ.

3. ಹಬ್ಬಗಳು ಕಟ್ಟಿಕೊಟ್ಟ ಪಾಠಕ್ರಮ

ಮಧ್ಯ ಕರ್ನಾಟಕದ ಹಬ್ಬಗಳ ಸಾಲನ್ನು ಮಕ್ಕಳ ದೃಷ್ಟಿಯಿಂದ ನೋಡಿದರೆ ಭಾದ್ರಪದದಿಂದ ಕಾರ್ತಿಕದವರೆಗೆ ಒಂದು ಪಾಠಕ್ರಮವೇ ಗೋಚರಿಸುತ್ತದೆ.

ಭಾದ್ರಪದದಲ್ಲಿ, ಗಣೇಶ ಚತುರ್ಥಿ ಕಳೆದ ಕೆಲವು ದಿನಗಳಿಗೆ ಜೋಕುಮಾರ ಬರುತ್ತಾನೆ. ಬೇವಿನ ಸೊಪ್ಪಿನ ನಡುವೆ ಜೋಕುಮಾರನ ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿರಿಸಿ ಹೊತ್ತ ಅಂಬಿಗ ಮುಂತಾದ ಸಮುದಾಯಗಳ ಮಹಿಳೆಯರು ಮನೆಮನೆಯ ಅಂಗಳದಲ್ಲಿ ಕುಳಿತು ಹಾಡುತ್ತಾರೆ. ಮನೆಯವರು ಕಾಳುಕಡಿ ನೀಡುತ್ತಾರೆ. ಈ ಹಾಡಿನಲ್ಲಿ ಹಾಡುಗಾರ್ತಿಯರು ಎರಡು ಪಾಲಾಗಿ, ಒಂದು ಪಾಲಿನವರು ಎತ್ತಿದ್ದನ್ನು ಇನ್ನೊಂದು ಪಾಲಿನವರು ಮುಂದುವರಿಸುತ್ತಾರೆ. ಬುಟ್ಟಿಯ ಸುತ್ತ ನೆರೆಯುವ ಮಕ್ಕಳಿಗೆ ಇದು ಕೇಳುವ ಹಂತ. ಆದರೆ ಕೇಳುವಿಕೆ ನಡೆಯುವುದು ಹಾಡುವವರಿಂದ ಒಂದು ಮಾರು ದೂರದಲ್ಲಿ. ಬಾಯಿಯ ಚಲನೆ, ಉಸಿರು ತೆಗೆದುಕೊಳ್ಳುವ ಕ್ಷಣ ಎಲ್ಲವೂ ಕಾಣುವಷ್ಟು ಹತ್ತಿರದಲ್ಲಿ.

ಆಶ್ವಯುಜದ ಮಹಾನವಮಿಯಲ್ಲಿ ಹಿಂದೆ ಕೂಲಿಮಠದ ಐಗಳು ತಮ್ಮ ಶಿಷ್ಯರನ್ನು ಕರೆದುಕೊಂಡು ಊರಿನ ಮನೆಗಳಿಗೆ ಹೋಗಿ ಚೌಪದ ಹಾಡಿಸುತ್ತಿದ್ದರು. ಮನೆಯವರಿಂದ ದೊರೆತ ಕಾಣಿಕೆ ಗುರುವಿಗೆ ಸಲ್ಲುತ್ತಿತ್ತು. ಮಕ್ಕಳು ವರ್ಷವಿಡೀ ಕಲಿತ ಅಕ್ಷರ, ಉಚ್ಚಾರ, ಲಯಗಳ ಸಾರ್ವಜನಿಕ ಪರೀಕ್ಷೆ ಅದು. ಜೊತೆಗೆ ಊರು ತನ್ನ ಶಾಲೆಯನ್ನು ಸಾಕುವ ವಿಧಾನವೂ ಹೌದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಮಕ್ಕಳೇ ನಡೆಸುವ ಸಮುದಾಯ ಸಂಗೀತ ಕೂಟವಿದು. ಸಭಿಕರು ಸಭಾಂಗಣಕ್ಕೆ ಬರುವ ಬದಲು ಹಾಡೇ ಸಭಿಕರ ಬಾಗಿಲಿಗೆ ಹೋಗುತ್ತಿತ್ತು. ಕೂಲಿಮಠಗಳು ಸರ್ಕಾರಿ ಶಾಲೆಗಳಿಗೆ ಎಡೆಮಾಡಿಕೊಟ್ಟಂತೆ ಈ ಸಂಪ್ರದಾಯ ಕ್ಷೀಣಿಸಿತು.

ಕೂಲಿಮಠಕ್ಕೆ ಹೋಗದ ಮಕ್ಕಳಿಗೂ ಅವರದೇ ಆದ ಹಾಡಿತ್ತು. ಮಧ್ಯ ಮತ್ತು ಉತ್ತರ ಕರ್ನಾಟಕದ ಹಲವು ಕಡೆ ದೀಪಾವಳಿಯ ಸಂದರ್ಭದಲ್ಲಿ ದನಗಾಹಿ ಹುಡುಗರು ದೀಪ ಹಿಡಿದು, ಆಣಿಪೀಣಿ ಹಾಡುತ್ತ ಮನೆಯಿಂದ ಮನೆಗೆ ಹೋಗುತ್ತಾರೆ. ದನಕರುಗಳಿಗೆ, ಮನೆಗೆ ಒಳಿತನ್ನು ಕೋರುವ ಈ ಹಾಡನ್ನು ಕಲಿಸಲು ಗುರುವಿಲ್ಲ. ದೊಡ್ಡ ಹುಡುಗ ಎತ್ತುತ್ತಾನೆ, ಚಿಕ್ಕವರು ಕೂಗಿ ಮುಗಿಸುತ್ತಾರೆ. ಮಕ್ಕಳಿಂದ ಮಕ್ಕಳಿಗೆ ಹಾಡು ದಾಟುವ ಅಪರೂಪದ ಉದಾಹರಣೆಯಾಗಿ ಆಣಿಪೀಣಿ ಜಾನಪದ ಅಧ್ಯಯನದಲ್ಲಿ ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ.

ಕಾರ್ತಿಕದ ಗೌರಿ ಹುಣ್ಣಿಮೆ ಹೆಣ್ಣುಮಕ್ಕಳ ಹಬ್ಬ. ಸಕ್ಕರೆಯ ಗೊಂಬೆಗಳಿಂದ ಅಲಂಕರಿಸಿದ ಆರತಿ ತಟ್ಟೆಗಳನ್ನು ಹಿಡಿದು, ಹಾಡುತ್ತ ಗೌರಿಯಿರುವಲ್ಲಿಗೆ ಹೋಗುವ ಹುಡುಗಿಯರಿಗೆ ತಾಯಂದಿರು, ಅಜ್ಜಿಯರು ಜೊತೆಯಾಗುತ್ತಾರೆ. ಭಾದ್ರಪದದಲ್ಲಿ ಕೇಳುವ ಮಗು ಕಾರ್ತಿಕದ ಹೊತ್ತಿಗೆ ಹಾಡುವ ಮಗುವಾಗಿರುತ್ತದೆ. ಈ ಕ್ರಮವನ್ನು ಯಾರೂ ಉದ್ದೇಶಪೂರ್ವಕವಾಗಿ ರೂಪಿಸಿದ್ದಲ್ಲ. ವರ್ಷಕ್ಕೊಮ್ಮೆ ತಪ್ಪದೆ ಮರಳಿ ಬರುವುದೇ ಇದರ ಬಲ. ಐದು ವರ್ಷದ ಮಗು ಸೊಲ್ಲನ್ನಷ್ಟೇ ಹೇಳಿದರೆ, ಎಂಟನೆಯ ವರ್ಷದಲ್ಲಿ ನಡುವಿನ ನುಡಿಗಳು ತಾವಾಗಿಯೇ ಬಾಯಿಗೆ ಬರುತ್ತವೆ, ಹನ್ನೆರಡನೆಯ ವರ್ಷದಲ್ಲಿ ಅದೇ ಮಗು ಹಾಡನ್ನು ಎತ್ತುತ್ತದೆ. ಕೋಲಾಟದಲ್ಲಿಯೂ ಇದೇ ಏಣಿಯಿದೆ. ನಡುವೆ ನಿಂತವರು ತಾಳ ಹಿಡಿದು ಹಾಡುತ್ತಾರೆ, ಸುತ್ತ ಕುಣಿಯುವವರು ಸೊಲ್ಲು ಹೇಳುತ್ತಾರೆ. ಕೋಲಿನ ಪೆಟ್ಟು ತಪ್ಪಿದರೆ ಎದುರಿನವರಿಗೆ ಕೂಡಲೇ ತಿಳಿಯುತ್ತದೆ. ತಿದ್ದುವುದಕ್ಕೆ ಬೇರೆ ಪರೀಕ್ಷಕರು ಬೇಕಾಗುವುದಿಲ್ಲ.

4. ಸಂಘಟಿತ ಪ್ರಯತ್ನಗಳು

ಹಬ್ಬದ ಹಾಡು ಮನೆ ಮತ್ತು ಕೇರಿಯ ಆವರಣದಲ್ಲಿದ್ದರೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಡು ಸಾರ್ವಜನಿಕ ಸಂಘಟನೆಯ ಭಾಗವಾಯಿತು. ಈ ಬದಲಾವಣೆಯಲ್ಲಿ ದಾವಣಗೆರೆಗೆ ಒಂದು ವಿಶಿಷ್ಟ ಪಾತ್ರವಿದೆ. ಹರ್ಡೇಕರ ಮಂಜಪ್ಪನವರು (1886–1947) ದಾವಣಗೆರೆಯ ವಿರಕ್ತ ಮಠದ ಮೃತ್ಯುಂಜಯ ಸ್ವಾಮಿಗಳೊಡನೆ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದರು. ಮುಂದೆ ಈ ಆಚರಣೆ ನಾಡಿನಾದ್ಯಂತ ಹಬ್ಬಿತು. ಮಕ್ಕಳ ವಚನ ಗಾಯನ ಅದರ ಒಂದು ಮುಖ್ಯ ಅಂಗವಾಯಿತು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಪ್ರಕಟವಾಗುವುದಕ್ಕೆ ಹತ್ತು ವರ್ಷ ಮುಂಚೆಯೇ ಈ ಉತ್ಸವ ಮೊದಲಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಓದು ಬಾರದವರಿಗೆ, ಓದು ಕಲಿಯದ ಎಳೆಯರಿಗೆ ವಚನ ತಲುಪಿದ್ದು ಪುಸ್ತಕಕ್ಕಿಂತ ಮೊದಲು ಹಾಡಾಗಿ, ಭಜನೆಯಾಗಿ. ಭಜನೆಯಲ್ಲಿ ಎತ್ತುವವನೊಬ್ಬ, ಹೇಳುವವರು ಹಲವರು. ಚಿಟಿಕೆ ಅಥವಾ ತಾಳವೊಂದು ಕೈಗೆ ಸಿಕ್ಕರೆ ಮಗುವೂ ಮೇಳದ ಸದಸ್ಯನೇ.

ದಾವಣಗೆರೆಗೆ ಉತ್ತರದಲ್ಲಿರುವ ಗದಗಿನ ವೀರೇಶ್ವರ ಪುಣ್ಯಾಶ್ರಮದ ಇತಿಹಾಸ ಈ ದಿಸೆಯಲ್ಲಿ ಇನ್ನೊಂದು ಮಾದರಿ. ಹಾನಗಲ್ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು (1892–1944) ಅಂಧ ಮತ್ತು ಬಡ ಮಕ್ಕಳನ್ನು ಕೂಡಿಕೊಂಡು ಊರಿಂದೂರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನು ನಡೆಸಿದರು. ಪುಟ್ಟರಾಜ ಗವಾಯಿಗಳು (1914–2010) ಆ ಕಾರ್ಯವನ್ನು ಮುಂದುವರಿಸಿದರು. ಪಾಠಶಾಲೆ ತಂಗಿದ ಊರಿನ ಮಕ್ಕಳು ಕಂಡದ್ದು ತಮ್ಮದೇ ವಯಸ್ಸಿನ ಮಕ್ಕಳು ಹಾಡುವುದನ್ನು. ಹಿರಿಯ ಕಲಾವಿದನನ್ನು ನೋಡಿದಾಗ ಮಗುವಿಗೆ ಉಂಟಾಗುವುದು ಬೆರಗು. ಸಮವಯಸ್ಕ ಹಾಡುವುದನ್ನು ಕೇಳಿದಾಗ ಅದು ತನ್ನಿಂದಲೂ ಸಾಧ್ಯವೆಂಬ ಭಾವ ಹುಟ್ಟುತ್ತದೆ. ಸಂಚಾರಿ ಪಾಠಶಾಲೆಯ ಪ್ರಭಾವವನ್ನು ವಿವರಿಸುವಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ದಾವಣಗೆರೆಯಲ್ಲಿ ಬೇರೂರಿದ ವೃತ್ತಿನಾಟಕ ಕಂಪನಿಗಳೂ ಇದೇ ಕೆಲಸವನ್ನು ತಮ್ಮ ರೀತಿಯಲ್ಲಿ ಮಾಡಿದವು. ಚಿಂದೋಡಿ ವೀರಪ್ಪನವರ ಕಂಪನಿಯಲ್ಲಿ ಬೆಳೆದ ಚಿಂದೋಡಿ ಲೀಲಾ ಅವರಂಥ ಕಲಾವಿದರು ರಂಗಗೀತೆಯನ್ನು ಕಲಿತದ್ದು ತರಗತಿಯಲ್ಲಿ ಅಲ್ಲ, ರಂಗದ ಮೇಲೆ. ಇನ್ನು ಇತ್ತೀಚಿನ ಪ್ರಯತ್ನಗಳಲ್ಲಿ, ಕಿರಣ್ ಸೇಠ್ ಅವರು 1977ರಲ್ಲಿ ಸ್ಥಾಪಿಸಿದ ಸ್ಪಿಕ್ ಮೆಕೆ ಸಂಸ್ಥೆ ಶಾಲಾ ಕಾಲೇಜುಗಳಿಗೆ ಹಿರಿಯ ಕಲಾವಿದರನ್ನು ಕರೆದೊಯ್ದು ಪ್ರಾತ್ಯಕ್ಷಿಕೆ ಸಹಿತ ಕಛೇರಿಗಳನ್ನು ಏರ್ಪಡಿಸುತ್ತ ಬಂದಿದೆ. ಪ್ರಶ್ನೆ ಕೇಳಲು, ಕಲಾವಿದರೊಡನೆ ಮಾತನಾಡಲು ಅವಕಾಶವಿರುವ ಈ ಕ್ರಮ ಸ್ವಲ್ಪ ದೊಡ್ಡ ವಿದ್ಯಾರ್ಥಿಗಳಿಗೆ ಅತ್ಯಂತ ಉಪಯುಕ್ತ. ಪ್ರಶ್ನೆ ರೂಪಿಸುವ ವಯಸ್ಸಿಗೆ ಇನ್ನೂ ಬಾರದ ಮೂರು, ನಾಲ್ಕು, ಐದು ವರ್ಷದ ಮಕ್ಕಳಿಗೆ ಭಾಗವಹಿಸುವಿಕೆಯ ಬೇರೆ ಮಾರ್ಗ ಬೇಕು. ಆ ಮಾರ್ಗ ಸೊಲ್ಲಿನ ಕ್ರಮದಲ್ಲಿ ಲಭ್ಯವಿದೆ.

5. ಕಳೆದುಕೊಂಡದ್ದು ಮತ್ತು ಕಳಚಿಕೊಳ್ಳಬೇಕಾದದ್ದು

ಸೊಲ್ಲಿನ ಸ್ಥಾನ ಮಕ್ಕಳಿಂದ ದೂರವಾಗಿರುವುದಕ್ಕೆ ಹಲವು ಕಾರಣಗಳಿವೆ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಹೆಂಗಸರ ಬೆನ್ನಿನ ಭಾರ ಇಳಿದದ್ದು ಒಳಿತೇ. ಆದರೆ ಎದುರುಬದುರಾಗಿ ಕುಳಿತ ಇಬ್ಬರು ಹೆಂಗಸರು, ತೊಡೆಯ ಮೇಲೊಂದು ಕೂಸು, ಕಲ್ಲಿನ ಸುತ್ತಿಗೆ ಹೊಂದಿದ ಹಾಡು, ಇವು ಕೂಡಿದ್ದ ಮಗುವಿನ ಮೊದಲ ಸಂಗೀತ ಶಾಲೆ ಅದರೊಡನೆ ಮುಚ್ಚಿತು. ಧ್ವನಿವರ್ಧಕ ಬಂದ ಮೇಲೆ ಎತ್ತುವವರ ದನಿ ದೊಡ್ಡದಾಯಿತು, ಸೊಲ್ಲಿನವರ ದನಿ ಅದರಲ್ಲಿ ಮುಳುಗಿತು. ತನ್ನ ದನಿ ತನಗೇ ಕೇಳದ ಮಗು ಹಾಡುವುದನ್ನು ನಿಲ್ಲಿಸುತ್ತದೆ.

ಶಾಲೆಗಳಲ್ಲಿ ಜನಪದ ಗೀತೆ, ಕೋಲಾಟಗಳಿಗೆ ಸ್ಥಾನ ದೊರೆತದ್ದರಲ್ಲಿ ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಂಥ ಯೋಜನೆಗಳ ಕೊಡುಗೆ ದೊಡ್ಡದು. ಸ್ಪರ್ಧೆಯ ಸ್ವರೂಪದಲ್ಲಿ ಒಂದು ಮಿತಿಯೂ ಇದೆ. ಒಬ್ಬ ಗಾಯಕನನ್ನು ಅಥವಾ ಒಂದು ತಂಡವನ್ನು ಆರಿಸಿದ ಕ್ಷಣ ತರಗತಿಯ ಉಳಿದ ಮಕ್ಕಳು ಪ್ರೇಕ್ಷಕರಾಗುತ್ತಾರೆ. ಸೊಲ್ಲಿನ ಪರಂಪರೆಯಲ್ಲಿ ‘ಹಾಡು ಬಾರದ ಮಗು’ ಎಂಬ ವರ್ಗವೇ ಇರಲಿಲ್ಲ. ಎತ್ತಲು ಬಾರದಿದ್ದರೆ ಹೇಳಲು ಬರುತ್ತದೆ, ಹೇಳಲು ಬಾರದಿದ್ದರೆ ತಾಳ ಹಾಕಲು ಬರುತ್ತದೆ ಎಂಬುದು ಅದರ ಗ್ರಹಿಕೆ. ಆ ವರ್ಗವನ್ನು ಸೃಷ್ಟಿಸಿದ್ದು ಆಯ್ಕೆಯ ಪದ್ಧತಿ.

ಪರಂಪರೆಯನ್ನು ಸಂಪೂರ್ಣ ನಿರ್ಮಲವೆಂದು ಚಿತ್ರಿಸುವುದೂ ಸರಿಯಲ್ಲ. ಯಾರ ಅಂಗಳದಲ್ಲಿ ಯಾರು ಕುಳಿತು ಹಾಡಬಹುದು, ಯಾರು ಹೊಸ್ತಿಲಾಚೆ ನಿಲ್ಲಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಕೂಲಿಮಠದ ಚೌಪದದ ಗುಂಪಿನಲ್ಲಿ ಎಲ್ಲ ಕೇರಿಯ ಮಕ್ಕಳೂ ಇರುತ್ತಿರಲಿಲ್ಲ. ದಾವಣಗೆರೆಗೆ ಸಮೀಪದ ಉಚ್ಚಂಗಿದುರ್ಗ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದು, ಈಗ ವಿಜಯನಗರ ಜಿಲ್ಲೆಗೆ ಸೇರಿದ ಹರಪನಹಳ್ಳಿ ತಾಲ್ಲೂಕಿನಲ್ಲಿದೆ. ಅಲ್ಲಿನ ಎಲ್ಲಮ್ಮನ ಪರಿಷೆಯಲ್ಲಿ ಕೇಳಿಬರುವ ಚೌಡಿಕೆ ಪದಗಳು ಲಯವೈವಿಧ್ಯದಿಂದಲೂ ಕಥನ ಕೌಶಲದಿಂದಲೂ ಶ್ರೀಮಂತವಾದವು. ಆದರೆ ಆ ಹಾಡು ತಲೆಮಾರಿನಿಂದ ತಲೆಮಾರಿಗೆ ಸಾಗಿದ ದಾರಿಗಳಲ್ಲ್ಲೊಂದು ಬಡ, ದಲಿತ ಕುಟುಂಬಗಳ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯಾಗಿತ್ತು. ಕರ್ನಾಟಕ ಸರ್ಕಾರ 1982ರ ಕಾಯ್ದೆಯ ಮೂಲಕ ಅದನ್ನು ನಿಷೇಧಿಸಿತು. ಹಾಡನ್ನು ಉಳಿಸಿಕೊಳ್ಳುವ ಮಾತನಾಡುವವರು ಅದು ದಾಟಿಬಂದ ದಾರಿಯ ವಿವೇಚನೆಯನ್ನೂ ಮಾಡಬೇಕಾಗುತ್ತದೆ. ಹಳೆಯ ಸಂಗೀತವನ್ನು ಮಕ್ಕಳಿಗೆ ತಲುಪಿಸುವ ಹೊಸ ಕೂಟಗಳಿಗೆ ಒಂದು ನೈತಿಕ ಅವಕಾಶವಿರುವುದು ಇಲ್ಲಿಯೇ: ಸೊಲ್ಲಿನ ಕ್ರಮವನ್ನು ಇರಿಸಿಕೊಂಡು, ಅದರ ಸುತ್ತಲಿದ್ದ ಬೇಲಿಯನ್ನು ಕಳಚುವುದು ಸಾಧ್ಯವಿದೆ.

6. ಶಿಬಿರಾಗ್ನಿಯಿಂದ ಹಾಡಿನ ಕೂಟದೆಡೆಗೆ

ಈ ಹಿನ್ನೆಲೆಯಲ್ಲಿ ಕೊಂಡಜ್ಜಿಯಂಥ ಸ್ಥಳದ ಸಾಧ್ಯತೆಗಳನ್ನು ಪರಿಶೀಲಿಸಬಹುದು. ಸ್ಕೌಟ್ಸ್ ಶಿಬಿರಗಳ ಸಂಜೆಯ ಮುಖ್ಯ ಕಾರ್ಯಕ್ರಮ ಶಿಬಿರಾಗ್ನಿ. ಬೆಂಕಿಯ ಸುತ್ತ ವೃತ್ತಾಕಾರವಾಗಿ ಕುಳಿತ ಮಕ್ಕಳು ನಾಯಕ ಹೇಳಿದ್ದನ್ನು ಮರಳಿ ಹೇಳುತ್ತ, ಅಭಿನಯಿಸುತ್ತ ಹಾಡುತ್ತಾರೆ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಾಯೋಗಿಕ ಶಿಬಿರ ನಡೆಸಿದ ಬೇಡನ್ ಪೊವೆಲ್, ನಾಯಕ ಎತ್ತಿ ಗುಂಪು ಉತ್ತರಿಸುವ ಕೂಗುಹಾಡೊಂದನ್ನು 1908ರ ತಮ್ಮ ಪ್ರಸಿದ್ಧ ಕೈಪಿಡಿಯಲ್ಲಿ ಸೇರಿಸಿದರು. ಅದು ದಕ್ಷಿಣ ಆಫ್ರಿಕದ ಜುಲು ಜನರ ಮೌಖಿಕ ಪರಂಪರೆಯಿಂದ ಪಡೆದದ್ದು. ಆಧುನಿಕ ಸಂಘಟನೆಯೊಂದು ಮಕ್ಕಳನ್ನು ಒಗ್ಗೂಡಿಸಲು ಹಾಡನ್ನು ಹುಡುಕಿದಾಗ ಅದಕ್ಕೆ ನೆರವಾದದ್ದು ಸೊಲ್ಲಿನ ಕ್ರಮವೇ ಎಂಬುದು ಅರ್ಥಪೂರ್ಣ. ಹಾಗಾಗಿ ಕೊಂಡಜ್ಜಿಯ ಶಿಬಿರಾಗ್ನಿಗೂ ಹತ್ತಿರದ ಹಳ್ಳಿಯ ಕೋಲಾಟಕ್ಕೂ ರಚನೆಯ ದೃಷ್ಟಿಯಿಂದ ಅಂತರವಿಲ್ಲ. ಇರುವ ಅಂತರ ಹಾಡುಗಳ ಆಯ್ಕೆಯಲ್ಲಿ ಮಾತ್ರ.

ಪರಂಪರೆಯ ರಚನೆಯಿಂದಲೇ ಇಂಥ ಕೂಟದ ನಿಯಮಗಳನ್ನು ನಿರೂಪಿಸಿಕೊಳ್ಳಬಹುದು. ಮೊದಲನೆಯದಾಗಿ, ಕೂಟ ವೃತ್ತಾಕಾರದಲ್ಲಿರಬೇಕು. ಹಾಡುವವರು ನಡುವೆ ಅಥವಾ ವೃತ್ತದೊಳಗೆ ಒಬ್ಬರಾಗಿ ಇರಬೇಕು. ಧ್ವನಿವರ್ಧಕವಿಲ್ಲದೆ ಕೇಳಿಸುವಷ್ಟು ಮಂದಿ, ಎಂದರೆ ಐವತ್ತು ಅರವತ್ತು ಜನ ಮೀರದಿರುವುದು ಲೇಸು. ಸಾವಿರ ಕಂಠಗಳ ಗಾಯನಕ್ಕೆ ಉತ್ಸವದ ಸೊಬಗಿದೆ, ಆದರೆ ಅಲ್ಲಿ ಎಳೆಯ ಮಗುವಿಗೆ ತನ್ನ ದನಿ ಸಿಗುವುದಿಲ್ಲ.

ಎರಡನೆಯದಾಗಿ, ವಯಸ್ಸಿಗೆ ತಕ್ಕ ಸ್ಥಾನ ಕಲ್ಪಿಸಬೇಕು. ಮೂರು ವರ್ಷದೊಳಗಿನ ಕೂಸು ತಾಯಿಯ ಅಥವಾ ಅಜ್ಜಿಯ ತೊಡೆಯ ಮೇಲಿದ್ದು, ಅವರ ಮೈಯ ತೂಗಾಟದಿಂದ ಲಯವನ್ನು ತಿಳಿಯುತ್ತದೆ. ಅಂಗನವಾಡಿಯ ವಯಸ್ಸಿನ ಮಕ್ಕಳಿಗೆ ಒಂದು ಪದದ ಸೊಲ್ಲು ಮತ್ತು ಚಪ್ಪಾಳೆ ಸಾಕು. ಸ್ಕೌಟ್ಸ್ ಸಂಸ್ಥೆಯಲ್ಲಿ ಕಬ್, ಬುಲ್‌ಬುಲ್ ಎಂದು ಕರೆಯಲಾಗುವ ಹತ್ತು ವರ್ಷದೊಳಗಿನ ಮಕ್ಕಳು ಪೂರ್ಣ ಸಾಲಿನ ಸೊಲ್ಲು ಹಾಗೂ ಕೋಲಾಟದ ಸರಳ ಹೆಜ್ಜೆಗಳನ್ನು ನಿಭಾಯಿಸಬಲ್ಲರು. ಅದಕ್ಕೂ ದೊಡ್ಡವರಿಗೆ ಹಾಡು ಎತ್ತುವ ಹೊಣೆ ಕೊಡಬಹುದು. ಹಾಡಿನ ಶ್ರುತಿಯನ್ನು ಗಂಡಸರ ಕಂಠಕ್ಕಲ್ಲದೆ ಮಕ್ಕಳ ಕಂಠಕ್ಕೆ ಹೊಂದುವಂತೆ ಇರಿಸುವುದು ಅಗತ್ಯ.

ಮೂರನೆಯದಾಗಿ, ವಾದ್ಯಗಳು ಮಕ್ಕಳ ಕೈಗೆ ಸಿಗುವಂತಿರಬೇಕು. ಚಿಟಿಕೆ, ತಾಳ, ಗೆಜ್ಜೆ, ದಮ್ಮಡಿ, ಏಕತಾರಿಗಳು ಕೇವಲ ನೋಡುವ ವಸ್ತುಗಳಲ್ಲ. ತಂತಿ ಮೀಟಿದಾಗ ಬುರುಡೆ ಏಕೆ ಅದುರುತ್ತದೆ, ಚರ್ಮಕ್ಕೆ ಬಿಸಿ ತೋರಿಸಿದರೆ ನಾದ ಹೇಗೆ ಬದಲಾಗುತ್ತದೆ ಎಂಬುದನ್ನು ಮಗು ಬೆರಳಿನಿಂದಲೇ ಅರಿಯುತ್ತದೆ.

ನಾಲ್ಕನೆಯದಾಗಿ, ಮರಳಿ ಬರುವ ನಿಯತಿ ಇರಬೇಕು. ಒಂದು ಬಾರಿಯ ಅದ್ದೂರಿ ಕಾರ್ಯಕ್ರಮಕ್ಕಿಂತ ವರ್ಷದಲ್ಲಿ ನಾಲ್ಕು ಬಾರಿ, ಹಬ್ಬಗಳ ಹೊತ್ತಿನಲ್ಲಿಯೇ, ಅವೇ ಏಳೆಂಟು ಹಾಡುಗಳೊಡನೆ ನಡೆಯುವ ಚಿಕ್ಕ ಕೂಟ ಹೆಚ್ಚು ಫಲಕಾರಿ. ಸೊಲ್ಲು ಬೇರೂರುವುದು ಪುನರಾವೃತ್ತಿಯಲ್ಲಿ.

ಕೊನೆಯದಾಗಿ, ಹಾಡನ್ನು ಎತ್ತುವ ಹಿರಿಯ ಹೆಂಗಸರನ್ನು, ಭಜನೆಯ ಮೇಳದವರನ್ನು ಗೌರವಧನ ನೀಡಿ ಶಿಕ್ಷಕರೆಂದೇ ಆಹ್ವಾನಿಸಬೇಕು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಉಳಿಸಿಕೊಂಡಿದ್ದರು. ಕೃಷ್ಣಮೂರ್ತಿ ಹನೂರರ ಸಂಗ್ರಹದಿಂದ ಅವು ಪುಸ್ತಕ ರೂಪ ಪಡೆದವು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮುದೇನೂರ ಸಂಗಣ್ಣನವರು ತಮ್ಮ ಸೀಮೆಯ ಹಾಡು ಮತ್ತು ಆಟಗಳನ್ನು ದಾಖಲಿಸಿದರು. ಇಂಥ ಸಂಗ್ರಹಗಳಿಲ್ಲದೆ ಅಧ್ಯಯನ ಮುಂದೆ ಸಾಗದು. ಆದರೂ ಮುದ್ರಿತ ಪಠ್ಯದಲ್ಲಿ ಸೊಲ್ಲು ಸಾಮಾನ್ಯವಾಗಿ ಮೊದಲ ನುಡಿಯಲ್ಲಿ ಮಾತ್ರ ಕಾಣಿಸಿಕೊಂಡು, ಮುಂದೆ ಕೈಬಿಟ್ಟುಹೋಗುತ್ತದೆ. ಓದುಗನಿಗೆ ಅನಗತ್ಯವೆನಿಸುವ ಆ ಪುನರಾವೃತ್ತಿಯೇ ಮಗುವಿಗೆ ಪ್ರವೇಶದ್ವಾರ. ಮುಂದಿನ ಸಂಗ್ರಾಹಕರು ಎತ್ತುವವರು ಯಾರು, ಹೇಳುವವರು ಯಾರು, ಅವರಲ್ಲಿ ಮಕ್ಕಳೆಷ್ಟು, ಯಾವ ಪದದಲ್ಲಿ ಅವರು ಸೇರಿಕೊಳ್ಳುತ್ತಾರೆ ಎಂಬ ವಿವರಗಳನ್ನೂ ಧ್ವನಿಮುದ್ರಣದೊಡನೆ ದಾಖಲಿಸಬೇಕಾಗಿದೆ.

7. ಉಪಸಂಹಾರ

ಕೊಂಡಜ್ಜಿ ಪರಿಸರದ ಹಾಡಿನ ಪರಂಪರೆ ಎಳೆಯರ ಸಂಗೀತ ಶಿಕ್ಷಣಕ್ಕೆ ನೀಡುವ ತಿಳಿವಳಿಕೆಯನ್ನು ಹೀಗೆ ಸಂಗ್ರಹಿಸಬಹುದು. ಕನ್ನಡದ ಹಳೆಯ ಸಂಗೀತದ ಹಳತನ ಅದರ ಮಟ್ಟುಗಳಿಗಿಂತ ಅದರ ಕೂಡುವಿಕೆಯ ಕ್ರಮದಲ್ಲಿದೆ. ಮಟ್ಟುಗಳು ಕಾಲಕಾಲಕ್ಕೆ ಬದಲಾಗಿವೆ, ಮುಂದೆಯೂ ಬದಲಾಗುತ್ತವೆ. ಒಬ್ಬರು ಎತ್ತಿ ಹಲವರು ಹೇಳುವ ಕ್ರಮ ತ್ರಿಪದಿ, ಭಜನೆ, ಕೋಲಾಟ, ಶಿಬಿರಾಗ್ನಿಗಳ ಮೂಲಕ ಬಾಳಿಬಂದಿದೆ. ಮಕ್ಕಳಿಗಾಗಿ ಕೂಟಗಳನ್ನು ಏರ್ಪಡಿಸುವವರು ಪ್ರಸಿದ್ಧ ಹಾಡುಗಳ ಪಟ್ಟಿ ಸಿದ್ಧಪಡಿಸುವ ಮೊದಲು, ಆ ಹಾಡುಗಳಲ್ಲಿ ಮಗುವಿಗೆ ಯಾವ ಜಾಗವಿದೆಯೆಂದು ಪರಿಶೀಲಿಸುವುದು ಸೂಕ್ತ.

ಅಂಗಳದ ಹಾಡನ್ನು ಬಾಲ್ಯದಲ್ಲಿಯೇ ಕೇಳಿ ಕಲಿತ ಹೆಂಗಸರ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಅವರ ದನಿಯನ್ನು ಯಂತ್ರದಲ್ಲಿ ಹಿಡಿದಿಡುವುದು ಕಷ್ಟವಲ್ಲ, ಅದು ನಡೆಯುತ್ತಲೂ ಇದೆ. ಆದರೆ ಯಂತ್ರ ಹಾಡನ್ನು ಎತ್ತಬಲ್ಲದೇ ಹೊರತು, ಮಗು ತಪ್ಪಿದಾಗ ನಿಂತು, ಅದರ ಮುಖ ನೋಡಿ, ಆ ಸಾಲನ್ನು ಇನ್ನೊಮ್ಮೆ ಹೇಳಿಕೊಡಲಾರದು. ಎತ್ತುವವರು ಇರುವಾಗಲೇ ಸೊಲ್ಲು ಹಿಡಿಯುವವರನ್ನು ಅವರ ಬಳಿಗೆ ಕರೆತರುವ ಕೆಲಸ ಅಕಾಡೆಮಿಗಳು, ಶಾಲೆಗಳು ಮತ್ತು ಶಿಬಿರ ಕೇಂದ್ರಗಳ ಮುಂದಿದೆ.